ಅಕ್ಷರ ತಡವರಿಸಿದರೂ ಲೆಕ್ಕ ತಪ್ಪಬೇಕಿಲ್ಲ: ಡಿಸ್ಲೆಕ್ಸಿಯಾ ಇರುವವರ ಸಿಎ ಆರ್ಟಿಕಲ್‌ಶಿಪ್

1896ರ ನವೆಂಬರ್‌ನಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಹುಡುಗನೊಬ್ಬನ ಬಗ್ಗೆ ಪುಟ್ಟ ಟಿಪ್ಪಣಿ ಬರೆದರು. ಹುಡುಗ ಚುರುಕು, ಆಟದಲ್ಲೂ ಓರಗೆಯವರಿಗೆ ಕಡಿಮೆಯಿಲ್ಲ. ಆದರೆ ವರ್ಷಗಟ್ಟಲೆ ಪಾಠ ಹೇಳಿಸಿದರೂ ಅವನಿಗೆ ಓದು ಹತ್ತಲಿಲ್ಲ. ಪರ್ಸಿ ಎಂದು ತನ್ನ ಹೆಸರನ್ನೇ ಬರೆಯಹೋಗಿ ಅಕ್ಷರ ಅದಲುಬದಲಾಗಿ ಪ್ರೆಸಿ ಎಂದು ಬರೆದ. ತೋರಿಸಿದರೂ ತಪ್ಪು ಬೇಗ ಅವನ ಕಣ್ಣಿಗೆ ಬೀಳಲಿಲ್ಲ. ಅದೇ ಹುಡುಗ 749ನ್ನು 867ರಿಂದ ಗುಣಿಸಲು ಹೇಳಿದಾಗ ಬೇಗನೆ ಸರಿಯುತ್ತರ ಕೊಟ್ಟ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರು ವೈದ್ಯರಿಗೆ ಹೇಳಿದ್ದರು.

ಡಿಸ್ಲೆಕ್ಸಿಯಾ ಕುರಿತ ಮೊದಮೊದಲ ವೈದ್ಯಕೀಯ ದಾಖಲೆಗಳಲ್ಲಿ ಇದೊಂದು. ಓದಿನ ತೊಡಕು ಬೇರೆ, ಲೆಕ್ಕದ ಬುದ್ಧಿ ಬೇರೆ ಎಂಬುದು ಆ ಮೊದಲ ಟಿಪ್ಪಣಿಯಲ್ಲೇ ಇದೆ. ಆದರೂ ನಮ್ಮಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ “ಓದೋಕೇ ಕಷ್ಟಪಡ್ತಾನೆ, ಇವನಿಗೆ ಸಿಎ ಯಾಕೆ?” ಎಂಬ ಮಾತು ಬರುತ್ತದೆ. ಆ ಮಾತು ಕೇಳಿಸಿಕೊಂಡೂ ಇಂಟರ್‌ಮೀಡಿಯೆಟ್ ದಾಟಿ ಯಾವುದೋ ಆಡಿಟರ್ ಕಚೇರಿಯಲ್ಲಿ ಆರ್ಟಿಕಲ್‌ಶಿಪ್‌ಗೆ ಸೇರಿರುವ, ಸೇರಲಿರುವ ಹುಡುಗ ಹುಡುಗಿಯರಿಗಾಗಿ ಈ ಬರಹ.

ಮೊದಲು ನನ್ನ ನಿಲುವನ್ನು ಹೇಳಿಬಿಡುತ್ತೇನೆ. ಮನುಷ್ಯನ ಕಣ್ಣು ತಪ್ಪುತ್ತದೆ, ಕೈ ಜಾರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ಕಸುಬು ಲೆಕ್ಕಪತ್ರದ್ದು. ಡೆಬಿಟ್ಟಿಗೊಂದು ಕ್ರೆಡಿಟ್ ಇರುವುದು, ಟ್ರಯಲ್ ಬ್ಯಾಲೆನ್ಸ್ ತೆಗೆಯುವುದು, ಬ್ಯಾಂಕ್ ಪುಸ್ತಕಕ್ಕೂ ನಮ್ಮ ಪುಸ್ತಕಕ್ಕೂ ತಾಳೆ ಹಾಕುವುದು, ಕಿರಿಯರು ಮಾಡಿದ್ದನ್ನು ಹಿರಿಯರು ನೋಡುವುದು ಎಲ್ಲವೂ ಅದಕ್ಕೇ ಇವೆ. ಡಿಸ್ಲೆಕ್ಸಿಯಾ ಇರುವವರಿಗೆ ಬೇಕಾದ ಸಾಧನಗಳಲ್ಲಿ ಹೆಚ್ಚಿನವು ಈ ಕಸುಬಿನ ಒಳಗೇ ಸಿಗುತ್ತವೆ. ಬೇರೆಯವರು ವಾಡಿಕೆಗೆಂದು ಮಾಡುವುದನ್ನು ನೀವು ಅದರ ಕಾರಣ ತಿಳಿದು ಮಾಡಬೇಕು, ಅಷ್ಟೇ ವ್ಯತ್ಯಾಸ. ದೊಡ್ಡ ಅಪಾಯವಿರುವುದು ಇಡೀ ದಿನ ಡಿಸ್ಲೆಕ್ಸಿಯಾವನ್ನು ಮುಚ್ಚಿಟ್ಟುಕೊಳ್ಳಲು ಹೆಣಗುವುದರಲ್ಲಿ.

ಇಂಗ್ಲಿಷ್ ವೀಕ್ ಎಂಬ ಪರದೆ

ಡಿಸ್ಲೆಕ್ಸಿಯಾ ಎಂದರೆ ಕಣ್ಣಿನ ದೋಷವಲ್ಲ, ಬುದ್ಧಿಮಾಂದ್ಯವೂ ಅಲ್ಲ. ಬರೆದ ಅಕ್ಷರವನ್ನು ಅದರ ಧ್ವನಿಯೊಂದಿಗೆ ಸಲೀಸಾಗಿ ಹೊಂದಿಸಿಕೊಳ್ಳುವ ಕೆಲಸ ಮಿದುಳಿನಲ್ಲಿ ನಿಧಾನವಾಗಿ ನಡೆಯುವುದು ಅದರ ತಿರುಳು. ಓದುವ ವೇಗ ತಗ್ಗುತ್ತದೆ, ಸ್ಪೆಲಿಂಗ್ ಕೈಕೊಡುತ್ತದೆ, ಸಾಲು ತಪ್ಪುತ್ತದೆ. ಒಟ್ಟಿಗೆ ಹೇಳಿದ ನಾಲ್ಕು ಸೂಚನೆಗಳಲ್ಲಿ ಎರಡು ಮರೆತುಹೋಗುವುದೂ ಅನೇಕರಿಗೆ ಉಂಟು. ಅಂಕಿಗಳ ಗಾತ್ರ, ಸಂಬಂಧಗಳೇ ತಲೆಗೆ ಹತ್ತದ ಡಿಸ್ಕ್ಯಾಲ್ಕುಲಿಯಾ ಬೇರೆಯದೇ ತೊಡಕು. ಎರಡೂ ಒಬ್ಬರಲ್ಲೇ ಇರಬಹುದು, ಆದರೆ ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರಬೇಕೆಂದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ವಿಷಯದಲ್ಲಿ ಒಂದು ತೊಡಕಿದೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಕಲಿಯಲು ಮಕ್ಕಳಿಗೆ ಹಲವು ವರ್ಷ ಹಿಡಿದರೂ ಒಮ್ಮೆ ಕಲಿತ ಮೇಲೆ ಬರೆದಂತೆ ಓದಬಹುದು. ಇಂಗ್ಲಿಷ್ ಹಾಗಲ್ಲ, ಒಂದೇ ಅಕ್ಷರಕ್ಕೆ ಹತ್ತು ಉಚ್ಚಾರ. ಹಾಗಾಗಿ ಕನ್ನಡದಲ್ಲಿ ಹೇಗೋ ತೂಗಿಸಿಕೊಂಡು ಬಂದ ತೊಡಕು ಪಿಯುಸಿ, ಬಿಕಾಂ ಹೊತ್ತಿಗೆ ಇಂಗ್ಲಿಷಿನಲ್ಲಿ ಎದ್ದು ಕಾಣುತ್ತದೆ. ಆಗ ಎಲ್ಲರೂ “ಇಂಗ್ಲಿಷ್ ವೀಕ್” ಎಂದುಬಿಡುತ್ತಾರೆ. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕು, ಕನ್ನಡದಲ್ಲಿ ಬರೆಯುವ ಅವಕಾಶವಿಲ್ಲ. ಆದ್ದರಿಂದ ತೊಡಕು ನಿಜವಾಗಿ ಯಾವುದೆಂದು ತಿಳಿಯಲೇಬೇಕು. ಸ್ಪೋಕನ್ ಇಂಗ್ಲಿಷ್ ತರಗತಿಗೆ ಹೋಗಿ ಮಾತು ಸರಾಗವಾದ ಮೇಲೂ ಪುಟ ಓದಲು ಜೊತೆಯವರಿಗಿಂತ ಎಷ್ಟೋ ಪಟ್ಟು ಹೊತ್ತು ಹಿಡಿಯುತ್ತಿದೆಯೇ? ಕೇಳಿದರೆ ತಕ್ಷಣ ಹೊಳೆಯುವುದು ಓದಿದರೆ ಹೊಳೆಯುವುದಿಲ್ಲವೇ? ಚಿಕ್ಕಂದಿನಲ್ಲಿ ಕನ್ನಡ ಓದುವಾಗಲೂ ಒತ್ತಕ್ಷರ ಬಿಟ್ಟುಹೋಗುತ್ತಿತ್ತೇ? ಹೌದಾದರೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇಪ್ಪತ್ತು ಇಪ್ಪತ್ತೆರಡು ವಯಸ್ಸಾದರೂ ತಡವಾಗಿಲ್ಲ.

ಈ ವಿಷಯದಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ. ಕಲಿಕಾ ನ್ಯೂನತೆ ಗುರುತಿಸಲು ದೇಶದಾದ್ಯಂತ ಬಳಸುವ ಪರೀಕ್ಷಾ ಸರಣಿಯೊಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ರೂಪುಗೊಂಡದ್ದು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಕಲಿಕೆಯ ತೊಡಕುಗಳಿಗೆ ತಜ್ಞರಿದ್ದಾರೆ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷೆ ಇಂಗ್ಲಿಷ್, ಹಿಂದಿ, ಮರಾಠಿಗಳ ಜೊತೆ ಕನ್ನಡದಲ್ಲೂ ಇದೆ. ಅದು ಚಿಕ್ಕ ತರಗತಿಯ ಮಕ್ಕಳಿಗೆ, ನಿಮ್ಮ ತಮ್ಮನಿಗೋ ಅಕ್ಕನ ಮಗಳಿಗೋ ಬೇಕಾದೀತು.

ಪ್ರಮಾಣಪತ್ರ ಏಕೆ, ಯಾವಾಗ

1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದ ಹೆಸರೇ ಇರಲಿಲ್ಲ. 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿ, ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ತಲೆಬರಹದಡಿ ಡಿಸ್ಲೆಕ್ಸಿಯಾ, ಡಿಸ್ಗ್ರಾಫಿಯಾ, ಡಿಸ್ಕ್ಯಾಲ್ಕುಲಿಯಾ ಮುಂತಾದವನ್ನು ಸೇರಿಸಿತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. 2018ರ ಆಗಸ್ಟ್ 29ರ ಕೇಂದ್ರದ ಮಾರ್ಗಸೂಚಿ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದ್ದು ಅರ್ಹರಾದವರಿಗೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದಿತು. 3 ಗಂಟೆಯ ಪತ್ರಿಕೆಗೆ ಅದು 1 ಗಂಟೆಯಾಗುತ್ತದೆ.

ಶೇ 40ಕ್ಕಿಂತ ಕಡಿಮೆ ಇರುವವರ ಗತಿಯೇನು? 2021ರ ಫೆಬ್ರುವರಿ 11ರಂದು ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಬರೆಯುವಾಗ ಕೈ ಸೆಟೆಯುವ ತೊಂದರೆಯಿದ್ದ ಅಭ್ಯರ್ಥಿ ಅವರು. ಶೇ 40ರ ಗೆರೆ ದಾಟದಿದ್ದರೂ ನಿಜವಾಗಿ ಬರೆಯಲು ಕಷ್ಟವಿರುವವರಿಗೆ ಬರಹಗಾರರ ನೆರವು ಸಿಗಬೇಕೆಂದು ನ್ಯಾಯಾಲಯ ಹೇಳಿತು. ಅದರ ಬೆನ್ನಿಗೆ 2022ರ ಆಗಸ್ಟ್ 10ರಂದು ಅಂಥವರಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಬಂತು. ನಮಗೆ ಶೇಕಡಾವಾರು ಕಡಿಮೆ ಎಂದು ಕೈಚೆಲ್ಲುವ ಮುನ್ನ ಈಗ ಜಾರಿಯಲ್ಲಿರುವ ಮಾರ್ಗಸೂಚಿಯನ್ನು ಓದಿಸಿ ಕೇಳಿ.

ಪರೀಕ್ಷೆ ನಡೆಸುವ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ, ಅಂದರೆ ಐಸಿಎಐ, ವೈಕಲ್ಯವಿರುವ ಅಭ್ಯರ್ಥಿಗಳಿಗೆ ಹೆಚ್ಚುವರಿ ಸಮಯ ಮತ್ತು ಬರಹಗಾರರ ಸೌಲಭ್ಯ ಕೊಡುತ್ತದೆ. ಅದಕ್ಕೆ ದಾಖಲೆ ಸಮೇತ ಮೊದಲೇ ಅರ್ಜಿ ಹಾಕಬೇಕು. ಇಲ್ಲಿ ಅನೇಕರು ಎಡವುವುದು ವರದಿಗೂ ಪ್ರಮಾಣಪತ್ರಕ್ಕೂ ಇರುವ ವ್ಯತ್ಯಾಸದಲ್ಲಿ. ಖಾಸಗಿ ಮನಃಶಾಸ್ತ್ರಜ್ಞರು ಕೊಡುವ ವರದಿ ನಿಮ್ಮ ತೊಡಕು ಯಾವ ಬಗೆಯದು ಎಂದು ತಿಳಿಯಲು ಚಿನ್ನದಂಥದ್ದು. ಆದರೆ ಪರೀಕ್ಷಾ ಸೌಲಭ್ಯಕ್ಕೆ ಬೇಕಾಗುವುದು ಸರ್ಕಾರ ಗುರುತಿಸಿದ ವೈದ್ಯಕೀಯ ಪ್ರಾಧಿಕಾರದ ಪತ್ರ. ಯುಡಿಐಡಿ ಎಂಬ, ವೈಕಲ್ಯವಿರುವವರ ಗುರುತಿನ ಚೀಟಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಆ ದಾರಿ ತೆರೆಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಸೌಲಭ್ಯ ಪಡೆದವರು ಆ ಹಳೆಯ ಕಾಗದವೇ ಸಾಕೆಂದು ಕೂರಬಾರದು. 18 ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಂಡು ಹೊಸ ಪತ್ರ ಮಾಡಿಸಿಟ್ಟುಕೊಳ್ಳಿ.

ಕಚೇರಿ ಆರಿಸುವಾಗ

2023ರ ಜುಲೈ 1ರಿಂದ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ 3 ವರ್ಷದಿಂದ 2 ವರ್ಷಕ್ಕೆ ಇಳಿದಿದೆ. ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾಗಿ, ಐಟಿ ಮತ್ತು ಓರಿಯಂಟೇಷನ್ ತರಬೇತಿ ಮುಗಿಸಿ ಸೇರಬೇಕು. ಆರ್ಟಿಕಲ್‌ಶಿಪ್ ಮುಗಿದು 6 ತಿಂಗಳಾದ ಮೇಲೆ ಫೈನಲ್ ಪರೀಕ್ಷೆ. ಈ 6 ತಿಂಗಳು ನಿಧಾನವಾಗಿ ಓದುವವರಿಗೆ ವರದಾನ, ಏಕೆಂದರೆ ಹಗಲು ಕಚೇರಿ, ರಾತ್ರಿ ಓದು ಎಂಬ ಹಗ್ಗಜಗ್ಗಾಟ ಕೊನೆಯ ಹಂತದಲ್ಲಿ ಇರುವುದಿಲ್ಲ. ಆದರೆ 2 ವರ್ಷ ಎಂದರೆ ಕೆಲಸ ಕಲಿಯಲು ಸಿಗುವ ಅವಧಿಯೂ ಕಡಿಮೆಯೇ. ಮಧ್ಯದಲ್ಲಿ ಪ್ರಿನ್ಸಿಪಲ್‌ರನ್ನು, ಅಂದರೆ ತರಬೇತಿ ಕೊಡುವ ಸಿಎಯನ್ನು, ಬದಲಿಸುವುದು ಮನಸ್ಸಿಗೆ ಬಂದಂತೆ ಆಗುವ ಕೆಲಸವಲ್ಲ. ಆದ್ದರಿಂದ ಸೇರುವ ಮುನ್ನ ಯೋಚಿಸುವುದು ಉಳಿದವರಿಗಿಂತ ನಿಮಗೆ ಹೆಚ್ಚು ಮುಖ್ಯ.

ದೊಡ್ಡ ಹೆಸರಿನ ಕಚೇರಿಯೋ ಊರಿನ ಸಣ್ಣ ಕಚೇರಿಯೋ ಎಂಬ ಚರ್ಚೆಯನ್ನು ನಾನು ಬದಿಗಿಡುತ್ತೇನೆ. ನಿಮಗೆ ಬೇಕಾದ ಪ್ರಶ್ನೆಗಳು ಬೇರೆ. ಕೆಲಸವನ್ನು ಹೇಗೆ ಹೇಳಿಕೊಡುತ್ತಾರೆ? ಕಳೆದ ವರ್ಷದ ಫೈಲು ತೋರಿಸಿ ಇದರಂತೆ ಮಾಡು ಎನ್ನುತ್ತಾರೋ, ನಡೆದಾಡುತ್ತಲೇ ಐದು ಕ್ಲೈಂಟ್‌ಗಳ ಹೆಸರು ಹೇಳಿ ಹೋಗಿಬಿಡುತ್ತಾರೋ? ಮಾಡಿದ್ದನ್ನು ಸೀನಿಯರ್ ಒಬ್ಬರು ಕೂತು ನೋಡುತ್ತಾರೋ? ಚೆಕ್‌ಲಿಸ್ಟ್‌ಗಳಿವೆಯೋ? ಅಲ್ಲಿ ಈಗಾಗಲೇ ಆರ್ಟಿಕಲ್‌ಶಿಪ್ ಮಾಡುತ್ತಿರುವವರನ್ನು ಕೇಳಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಡಿಸ್ಲೆಕ್ಸಿಯಾ ಇದೆಯೆಂದು ಕಚೇರಿಯಲ್ಲಿ ಹೇಳುವುದೋ ಬೇಡವೋ? ಇದು ನಿಮ್ಮ ಹಕ್ಕಿನ ವಿಷಯ, ಯಾರೂ ಬಲವಂತ ಮಾಡುವಂತಿಲ್ಲ. ನನ್ನನ್ನು ಕೇಳಿದರೆ ಹೇಳುವುದೇ ಮೇಲು, ಅದೂ ಮೊದಲ ತಪ್ಪು ಆಗುವ ಮುಂಚೆ. ತಪ್ಪಾದ ಮೇಲೆ ಹೇಳಿದರೆ ಕೇಳುವವರ ಕಿವಿಗೆ ಅದು ನೆಪವಾಗಿ ಬೀಳುತ್ತದೆ, ಮೊದಲೇ ಹೇಳಿದರೆ ಜವಾಬ್ದಾರಿಯಾಗಿ. ವೈದ್ಯಕೀಯ ವಿವರಣೆಗೆ ಹೋಗಬೇಡಿ. ಏನು ತೊಡಕು, ಅದಕ್ಕೆ ನಾನೇನು ಮಾಡುತ್ತೇನೆ, ನಿಮ್ಮಿಂದೇನು ಬೇಕು ಎಂಬ ಮೂರು ಮಾತು ಸಾಕು.

“ಸರ್, ನನಗೆ ಡಿಸ್ಲೆಕ್ಸಿಯಾ ಇದೆ. ಉದ್ದದ ಪುಟ ಓದೋಕೆ ಬೇರೆಯವರಿಗಿಂತ ಹೆಚ್ಚು ಹೊತ್ತು ಬೇಕು, ಒಮ್ಮೊಮ್ಮೆ ಅಂಕಿ ಹಿಂದುಮುಂದಾಗುತ್ತೆ. ಅದಕ್ಕೆ ಪ್ರತಿ ಶೀಟನ್ನೂ ಕೊಡೋ ಮುಂಚೆ ಇನ್ನೊಂದು ಸಲ ತಾಳೆ ನೋಡ್ತೀನಿ. ಕೆಲಸ ಹೇಳಿದ ಮೇಲೆ ಒಂದು ವಾಟ್ಸ್‌ಆ್ಯಪ್ ಮೆಸೇಜ್ ಹಾಕಿದ್ರೆ ನನಗೆ ತುಂಬಾ ಅನುಕೂಲ ಆಗುತ್ತೆ, ಸರ್.”

ಇಷ್ಟು ಕೇಳಲು ಯಾವ ಪ್ರಿನ್ಸಿಪಲ್‌ಗೂ ಹೊರೆಯಾಗದು. 2016ರ ಕಾಯ್ದೆಯಲ್ಲಿ ಸೂಕ್ತ ಹೊಂದಾಣಿಕೆ ಎಂಬ ತತ್ವವಿದೆ ನಿಜ. ಆದರೆ ನಾಲ್ಕೈದು ಜನರ ಕಚೇರಿಯಲ್ಲಿ ಕಾಯ್ದೆಯ ಕಲಂ ಹಿಡಿದು ಮಾತು ಶುರುಮಾಡುವುದಕ್ಕಿಂತ ಇಂಥ ಚಿಕ್ಕ ಕೋರಿಕೆಯೇ ಬೇಗ ಫಲ ಕೊಡುತ್ತದೆ.

ಅಂಕಿ ಹಿಂದುಮುಂದಾದಾಗ

ಈಗ ಕೆಲಸದ ಮೇಜಿಗೆ ಬರೋಣ. 5,460 ಎಂಬುದು 5,640 ಆಗುವುದು ಎಲ್ಲರಿಗೂ ಆಗುವಂಥದ್ದು. ನಿಮಗೆ ತುಸು ಹೆಚ್ಚು ಸಲ ಆಗಬಹುದು. ಇದನ್ನು ಹಿಡಿಯಲು ಲೆಕ್ಕಿಗರಲ್ಲಿ ಹಳೆಯದೊಂದು ಉಪಾಯವಿದೆ: ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುವುದು. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ವ್ಯತ್ಯಾಸ 180, ಅದನ್ನು 9ರಿಂದ ಭಾಗಿಸಿದರೆ 20. ಈ 20 ಇನ್ನೂ ಎರಡು ಸುಳಿವು ಕೊಡುತ್ತದೆ. ಅದರ 2, ಅದಲುಬದಲಾದ ಅಂಕಿಗಳ ನಡುವಿನ ಅಂತರ 2 ಎಂದು ಹೇಳುತ್ತದೆ (ಇಲ್ಲಿ 4 ಮತ್ತು 6). ಅದರ ಸೊನ್ನೆ, ತಪ್ಪಿರುವುದು ಹತ್ತು ಮತ್ತು ನೂರರ ಸ್ಥಾನದಲ್ಲಿ ಎಂದು ತೋರಿಸುತ್ತದೆ. ವ್ಯತ್ಯಾಸ 63 ಬಂದರೆ ಭಾಗಲಬ್ಧ 7; ಬಿಡಿ ಮತ್ತು ಹತ್ತರ ಸ್ಥಾನದಲ್ಲಿ 7ರ ಅಂತರವಿರುವ ಜೋಡಿ ಹುಡುಕಿ, 1,829 ಮತ್ತು 1,892ರಂತೆ. ಇನ್ನೂರು ಸಾಲು ಓದುವ ಬದಲು ಹತ್ತು ಸಾಲು ನೋಡಿದರೆ ಸಾಕಾಗುತ್ತದೆ.

ಸೊನ್ನೆ ಬಿಟ್ಟುಹೋದರೂ ಇದೇ ಉಪಾಯ ನಡೆಯುತ್ತದೆ. 4,500 ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 4,050. 9ರಿಂದ ಭಾಗಿಸಿದರೆ 450, ತಪ್ಪಾಗಿ ಬರೆದ ಮೊತ್ತವೇ ಕೈಗೆ ಸಿಕ್ಕಿತು. ಡೆಬಿಟ್ ಆಗಬೇಕಾದ್ದು ಕ್ರೆಡಿಟ್ ಆಗಿದ್ದರೆ ವ್ಯತ್ಯಾಸದ ಅರ್ಧ ಮೊತ್ತವನ್ನು ಹುಡುಕಿ.

ಒಂದು ಎಚ್ಚರಿಕೆ. ಟ್ಯಾಲಿಯಲ್ಲಿ ಓಚರ್ ಹಾಕುವಾಗ ಎರಡೂ ಕಡೆ ಸಮವಾಗದೆ ಅದು ಸ್ವೀಕರಿಸುವುದಿಲ್ಲ. ಹಾಗಾಗಿ 5,460 ಬದಲು 5,640 ಹಾಕಿದರೆ ಎರಡೂ ಕಡೆ ತಪ್ಪೇ ಹೋಗಿ ಕೂರುತ್ತದೆ, ಟ್ರಯಲ್ ಬ್ಯಾಲೆನ್ಸ್ ಮಾತ್ರ ಸಲೀಸಾಗಿ ಟ್ಯಾಲಿ ಆಗುತ್ತದೆ. ಇಂಥ ತಪ್ಪು ಹೊರಬರುವುದು ಹೊರಗಿನ ಕಾಗದದೊಂದಿಗೆ ತಾಳೆ ಹಾಕಿದಾಗ: ಬ್ಯಾಂಕ್ ಸ್ಟೇಟ್‌ಮೆಂಟ್, ಪಾರ್ಟಿ ಕೊಟ್ಟ ಬಾಕಿ ಪತ್ರ, ಖರೀದಿ ಪುಸ್ತಕದ ಎದುರು ಜಿಎಸ್‌ಟಿಆರ್-2ಬಿ. 9ರ ಪರೀಕ್ಷೆಯನ್ನು ಆ ವ್ಯತ್ಯಾಸಗಳ ಮೇಲೆ ಹಚ್ಚಿ. ರಿಕನ್ಸಿಲಿಯೇಷನ್ ಕೆಲಸ ಬೇಸರದ್ದೆಂದು ಹಲವರು ಜಾರಿಕೊಳ್ಳುತ್ತಾರೆ. ನೀವು ಅದನ್ನು ಕೇಳಿ ಪಡೆಯಿರಿ. ಸಾಲು ಸಾಲು ಓದುವುದಕ್ಕಿಂತ ಎಲ್ಲಿ ಏನು ಹೊಂದುತ್ತಿಲ್ಲ ಎಂದು ಹುಡುಕುವುದು ಅದರಲ್ಲಿ ಹೆಚ್ಚು.

ಉದ್ದುದ್ದದ ಗುರುತಿನ ಸಂಖ್ಯೆಗಳು ಇನ್ನೊಂದು ತಲೆನೋವು. ಅವನ್ನು ಒಂದೇ ಉಸಿರಿಗೆ ಓದಲು ಹೋಗಬೇಡಿ, ಅವುಗಳ ರಚನೆ ಕಲಿಯಿರಿ. ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ 15 ಸ್ಥಾನ. ಮೊದಲೆರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಮುಂದಿನ 10 ಆ ವ್ಯಾಪಾರಿಯ ಪ್ಯಾನ್. ಆಮೇಲೆ ಅದೇ ಪ್ಯಾನ್‌ನಲ್ಲಿ ಆ ರಾಜ್ಯದಲ್ಲಿ ಎಷ್ಟನೇ ನೋಂದಣಿ ಎಂಬುದು, 14ನೆಯದು ಸಾಮಾನ್ಯವಾಗಿ ಝಡ್, ಕೊನೆಯದು ಹಿಂದಿನ 14ನ್ನೂ ಲೆಕ್ಕ ಹಾಕಿ ಬರುವ ತಾಳೆಯ ಗುರುತು. ಒಂದು ಅಕ್ಷರ ತಪ್ಪಿದರೂ ಪೋರ್ಟಲ್ ಒಪ್ಪದಿರುವುದು ಈ ಕೊನೆಯ ಗುರುತಿನ ಕಾರಣದಿಂದ. ಪ್ಯಾನ್‌ನಲ್ಲಿ ಮೊದಲ 5 ಸದಾ ಅಕ್ಷರ, ನಂತರದ 4 ಸದಾ ಅಂಕಿ, ಕೊನೆಯದು ಅಕ್ಷರ. ಅದರ 4ನೇ ಅಕ್ಷರ ಪಿ ಆದರೆ ವ್ಯಕ್ತಿ, ಸಿ ಆದರೆ ಕಂಪನಿ, ಎಫ್ ಆದರೆ ಪಾಲುದಾರಿಕೆ ಸಂಸ್ಥೆ. ಇಷ್ಟು ಗೊತ್ತಿದ್ದರೆ ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ, 5 ಅಂಕಿಯೋ ಎಸ್ ಅಕ್ಷರವೋ ಎಂಬ ಅನುಮಾನವನ್ನು ಅದು ಕೂತ ಜಾಗವೇ ಬಗೆಹರಿಸುತ್ತದೆ. ಬ್ಯಾಂಕಿನ ಐಎಫ್‌ಎಸ್‌ಸಿಯಲ್ಲೂ ಹಾಗೆ: 11 ಸ್ಥಾನ, ಮೊದಲ 4 ಬ್ಯಾಂಕಿನ ಅಕ್ಷರ, 5ನೆಯದು ಯಾವಾಗಲೂ ಸೊನ್ನೆ.

ಸಾಧ್ಯವಿದ್ದಲ್ಲೆಲ್ಲ ನೋಡಿ ಟೈಪ್ ಮಾಡುವುದನ್ನು ಬಿಟ್ಟು ಕಾಪಿ ಮಾಡಿ ಪೇಸ್ಟ್ ಮಾಡಿ. ಎಕ್ಸೆಲ್‌ನಲ್ಲಿ ಲೆನ್ ಎಂಬ ಫಾರ್ಮುಲಾ ಹಾಕಿದರೆ 15ಕ್ಕೆ ಒಂದು ಸ್ಥಾನ ಕಡಿಮೆಯಿದ್ದರೂ ತೋರಿಸುತ್ತದೆ. ಎಕ್ಸಾಕ್ಟ್ ಫಾರ್ಮುಲಾ ಎರಡು ಕೋಶ ಅಕ್ಷರಶಃ ಒಂದೇ ಹೌದೋ ಅಲ್ಲವೋ ಹೇಳುತ್ತದೆ. ಕಣ್ಣಿನ ಕೆಲಸವನ್ನು ಫಾರ್ಮುಲಾಗೆ ಒಪ್ಪಿಸುವುದರಲ್ಲಿ ನಾಚಿಕೆಯಿಲ್ಲ. ಮೊತ್ತಗಳಿಗೆ ನಮ್ಮ ಲಕ್ಷ-ಕೋಟಿಯ ಅಲ್ಪವಿರಾಮ ಬರುವಂತೆ ಮಾಡಿಕೊಳ್ಳಿ. 1234567 ಎಂಬ ಸಾಲಿಗಿಂತ 12,34,567 ಎಂಬುದರಲ್ಲಿ ಕಣ್ಣಿಗೆ ಊರುಗೋಲಿದೆ. ಎಕ್ಸೆಲ್‌ನಲ್ಲಿ ಸ್ಪೀಕ್ ಸೆಲ್ಸ್ ಎಂಬ ಸೌಲಭ್ಯ ಅಡಗಿ ಕೂತಿದೆ. ಮೇಲಿನ ಪಟ್ಟಿಗೆ ಅದರ ಗುಂಡಿ ಸೇರಿಸಿಕೊಂಡರೆ ಕೋಶದಲ್ಲಿರುವ ಅಂಕಿಯನ್ನು ಅದು ಓದಿ ಹೇಳುತ್ತದೆ. ನೀವು ಬಿಲ್ಲಿನ ಮೇಲೆ ಕಣ್ಣಿಟ್ಟು ಕಿವಿಯಲ್ಲಿ ಕೇಳುತ್ತಾ ಟಿಕ್ ಹಾಕಬಹುದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನೇ ಇಬ್ಬರು ಎದುರುಬದುರು ಕೂತು ಮಾಡುತ್ತಿದ್ದರು: ಒಬ್ಬರು ಜೋರಾಗಿ ಓದುವುದು, ಇನ್ನೊಬ್ಬರು ಟಿಕ್ ಹಾಕುವುದು. ಜೊತೆಯ ಆರ್ಟಿಕಲ್ ಒಪ್ಪಿದರೆ ಈಗಲೂ ಅದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಅವರು ಓದಲಿ, ನೀವು ಟಿಕ್ ಹಾಕಿ.

ನಮ್ಮ ಕಡೆಯ ಕಚೇರಿಗಳಲ್ಲಿ ಕೈಬರಹದ ಕನ್ನಡ ಓಚರುಗಳೂ ಬರುತ್ತವೆ: ಮಂಡಿಯ ಚೀಟಿ, ಸಹಕಾರ ಸಂಘದ ರಿಜಿಸ್ಟರು, ಕೂಲಿ ಪಾವತಿ. ಕೈಬರಹದಲ್ಲಿ ಪ, ವ, ಷ ಒಂದೇ ತರಹ ಕಾಣುತ್ತವೆ. ಕನ್ನಡ ಅಂಕಿ ಬಳಸಿದ ಕಡೆ ೬ ಮತ್ತು ೯ ಮೋಸಮಾಡುತ್ತವೆ. ಇಲ್ಲಿ ಊಹೆಗೆ ಹೋಗಬೇಡಿ. ಅನುಮಾನ ಬಂದ ಓಚರುಗಳನ್ನು ಪಕ್ಕಕ್ಕಿಟ್ಟು ದಿನಕ್ಕೊಮ್ಮೆ ಒಟ್ಟಿಗೆ ಕ್ಲೈಂಟಿನ ಗುಮಾಸ್ತರ ಬಳಿ ಕೂತು ಕೇಳಿ. ಸ್ಪಷ್ಟವಿಲ್ಲದ ಓಚರ್ ಬಗ್ಗೆ ವಿಚಾರಿಸುವುದು ಆಡಿಟ್‌ನ ಕೆಲಸವೇ ಆದ್ದರಿಂದ ಯಾರೂ ತಪ್ಪು ತಿಳಿಯುವುದಿಲ್ಲ.

ಓದು, ಪತ್ರ, ತಿಂಗಳ ಲಯ

ಉದ್ದದ ಸುತ್ತೋಲೆ, ಕರಾರು ಪತ್ರಗಳನ್ನು ಕಿವಿಯಿಂದ ಓದಿ. ವರ್ಡ್‌ನ ರೀಡ್ ಅಲೌಡ್, ಎಡ್ಜ್ ಬ್ರೌಸರ್‌ನ ಓದಿಹೇಳುವ ಸೌಲಭ್ಯ ಎರಡೂ ಬೇರೆ ಖರ್ಚಿಲ್ಲದೆ ಸಿಗುತ್ತವೆ. ಒಂದು ಕಿವಿಗೆ ಇಯರ್‌ಫೋನ್, ಕಣ್ಣು ಪರದೆಯ ಮೇಲೆ. ಡಿಸ್ಲೆಕ್ಸಿಯಾಗೆಂದೇ ಮಾರುವ ಬಣ್ಣದ ಕನ್ನಡಕಗಳಿಗೆ ದುಡ್ಡು ಸುರಿಯಬೇಡಿ, ಅವುಗಳ ಪರವಾಗಿ ಗಟ್ಟಿ ಪುರಾವೆಯಿಲ್ಲ. ಅದರ ಬದಲು ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿ ನೋಡಿ. ಇಟಲಿ ಮತ್ತು ಫ್ರಾನ್ಸಿನ ಡಿಸ್ಲೆಕ್ಸಿಯಾ ಇರುವ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಷ್ಟರಿಂದಲೇ ಓದು ಸುಧಾರಿಸಿತ್ತು.

ಕ್ಲೈಂಟಿಗೆ ಬರೆಯುವ ಪತ್ರಗಳು ಒಂದಿಪ್ಪತ್ತು ಬಗೆಯವು ಮಾತ್ರ: ದಾಖಲೆ ಕಳಿಸಿ, ಬಾಕಿ ದೃಢಪಡಿಸಿ, ರಿಟರ್ನ್ ಸಲ್ಲಿಸಿದೆ, ನೋಟಿಸ್ ಬಂದಿದೆ. ಸೀನಿಯರ್ ನೋಡಿ ಒಪ್ಪಿದ ಪ್ರತಿಯೊಂದನ್ನೂ ಮಾದರಿಯಾಗಿ ಉಳಿಸಿಕೊಳ್ಳಿ. ಮುಂದಿನ ಸಲ ಹೆಸರು, ಅವಧಿ, ಮೊತ್ತ ಬದಲಿಸಿದರೆ ಸಾಕು. ಬದಲಿಸಬೇಕಾದ ಜಾಗಗಳಿಗೆ ಹಳದಿ ಬಣ್ಣ ಹಚ್ಚಿಡಿ, ಹಳೆಯ ಕ್ಲೈಂಟಿನ ಹೆಸರು ಹೊಸ ಪತ್ರದಲ್ಲಿ ಉಳಿದುಹೋಗುವುದು ಸ್ಪೆಲಿಂಗ್ ತಪ್ಪಿಗಿಂತ ದೊಡ್ಡ ಅನಾಹುತ.

ಕ್ಲೈಂಟಿನ ಕಾಗದಗಳನ್ನು ಅಂತರ್ಜಾಲದ ಯಾವುದೋ ಆ್ಯಪಿಗೆ ಹಾಕಿ ಸಾರಾಂಶ ತೆಗೆಸುವ ಆಸೆ ನಿಮ್ಮಂಥವರಿಗೆ ಸಹಜವಾಗಿಯೇ ಹೆಚ್ಚು. ಕಚೇರಿಯ ಒಪ್ಪಿಗೆಯಿಲ್ಲದೆ ಖಂಡಿತ ಮಾಡಬೇಡಿ. ಕ್ಲೈಂಟಿನ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಬಿಡುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ವೃತ್ತಿ ದುರ್ನಡತೆ. ಅದರ ಬಿಸಿ ನಿಮ್ಮ ಪ್ರಿನ್ಸಿಪಲ್‌ಗೂ ತಟ್ಟುತ್ತದೆ. ಕಾಯ್ದೆ, ಸುತ್ತೋಲೆ, ಪಠ್ಯದಂಥ ಸಾರ್ವಜನಿಕ ಬರಹಗಳನ್ನು ಅಂಥ ಆ್ಯಪ್‌ಗಳಿಂದ ಧಾರಾಳವಾಗಿ ಓದಿಸಿಕೊಳ್ಳಿ.

ತೆರಿಗೆ ಕಚೇರಿಯ ತಿಂಗಳಿಗೆ ಒಂದು ಲಯವಿದೆ: 7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1, 14ಕ್ಕೆ 2ಬಿ ಸಿದ್ಧವಾಗುವುದು, 20ಕ್ಕೆ 3ಬಿ. ಈ ತಾರೀಕುಗಳ ಹಿಂದಿನ ದಿನ ಧಾವಂತದಲ್ಲಿ ಮಾಡಿದ ಕೆಲಸದಲ್ಲೇ ನಿಮ್ಮ ತಪ್ಪುಗಳು ಹೆಚ್ಚು ಕಾಣುತ್ತವೆ. ನಿಮ್ಮ ಪಾಲಿನ ಕೊನೆಯ ದಿನವನ್ನು 3 ದಿನ ಮುಂಚೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಓದುವ ಕೆಲಸ ಬೆಳಿಗ್ಗೆ ಇಟ್ಟುಕೊಳ್ಳಿ, ಸಂಜೆಗೆ ಫೋನ್ ಮಾಡುವುದು, ಫೈಲ್ ಜೋಡಿಸುವುದು. ದಿನವಿಡೀ ಓದಿ ದಣಿದ ಕಣ್ಣಿಗೆ ಸಂಜೆ ಆರರ ಅಂಕಿ ಮೋಸಮಾಡುತ್ತದೆ. ಇದು ಸೋಮಾರಿತನವಲ್ಲ ಎಂದು ಮೊದಲು ನೀವು ನಂಬಬೇಕು.

ಫೈನಲ್ ಕಡೆಗೆ

ಫೈನಲ್‌ನಲ್ಲಿ 6 ಪತ್ರಿಕೆ. ಪ್ರತಿ ಪತ್ರಿಕೆಯಲ್ಲೂ ಕನಿಷ್ಠ ಶೇ 40, ಒಟ್ಟಾರೆ ಶೇ 50 ಬೇಕು. ಮೊದಲ ಐದು ಪತ್ರಿಕೆಗಳಲ್ಲಿ ಶೇ 30ರಷ್ಟು ಅಂಕ ಬಹುಆಯ್ಕೆ ಪ್ರಶ್ನೆಗಳಿಗೆ. ಬರೆಯುವುದು ಕಡಿಮೆಯಾಯಿತೆಂದು ಹಿಗ್ಗುವ ಮುನ್ನ ಒಂದು ಮಾತು: ಈ ಪ್ರಶ್ನೆಗಳು ಉದ್ದನೆಯ ಸನ್ನಿವೇಶವನ್ನು ಆಧರಿಸಿರುತ್ತವೆ, ಓದುವ ಭಾರ ಅಲ್ಲೇ ಇದೆ. ಮೊದಲು ಪ್ರಶ್ನೆ ಓದಿ, ಆಮೇಲೆ ಸನ್ನಿವೇಶಕ್ಕೆ ಹೋಗಿ. ಏನು ಹುಡುಕಬೇಕೆಂದು ಗೊತ್ತಿದ್ದರೆ ಎರಡನೇ ಸಲ ಓದುವ ಕೆಲಸ ಉಳಿಯುತ್ತದೆ. ಆರನೇ ಪತ್ರಿಕೆ ಪುಸ್ತಕ ತೆರೆದಿಟ್ಟುಕೊಂಡು ಬರೆಯುವಂಥದ್ದು. ನೆನಪಿನ ಹೊರೆ ಇಳಿಯುತ್ತದೆ ನಿಜ, ಆದರೆ ಹುಡುಕಲು ಹೊತ್ತು ಹೋಗುತ್ತದೆ. ನೀವೇ ತಯಾರಿಸಿದ, ಬಣ್ಣದ ಪಟ್ಟಿ ಅಂಟಿಸಿದ ಸೂಚಿ ಇಲ್ಲದೆ ಆ ಪುಸ್ತಕಗಳಿಂದ ಉಪಯೋಗವಿಲ್ಲ.

ಆಡಿಟಿಂಗ್ ಮಾನದಂಡಗಳ ಸಂಖ್ಯೆಗಳು ನಿಮ್ಮನ್ನು ಕಾಡಲೆಂದೇ ಇಟ್ಟಂತಿವೆ. 505 ಹೊರಗಿನವರಿಂದ ದೃಢೀಕರಣ, 550 ಸಂಬಂಧಿತ ವ್ಯಕ್ತಿಗಳ ವ್ಯವಹಾರ, 560 ವರ್ಷಾಂತ್ಯದ ನಂತರದ ಘಟನೆ, 570 ಸಂಸ್ಥೆ ಮುಂದುವರಿಯುವ ಸಾಮರ್ಥ್ಯ, 580 ಆಡಳಿತದ ಲಿಖಿತ ಹೇಳಿಕೆ. ಸಂಖ್ಯೆಯನ್ನು ಉರುಹೊಡೆಯದೆ ನೀವು ಕಚೇರಿಯಲ್ಲಿ ಕಂಡ ಒಂದು ಕೆಲಸಕ್ಕೆ ಅಂಟಿಸಿ. ಬಾಕಿದಾರರಿಗೆ ಪತ್ರ ಕಳಿಸಿದ ದಿನವೇ ಆ ಫೈಲಿನ ಮೇಲೆ 505 ಎಂದು ಬರೆದಿದ್ದರೆ ಪರೀಕ್ಷೆಯಲ್ಲಿ ಅದು ಆ ಫೈಲಿನ ರೂಪದಲ್ಲೇ ನೆನಪಾಗುತ್ತದೆ. ಆರ್ಟಿಕಲ್‌ಶಿಪ್‌ನ ನಿಜವಾದ ಲಾಭ ನಿಮಗೆ ಸಿಗುವುದು ಇಲ್ಲಿ.

ಆದಾಯ ತೆರಿಗೆಯಲ್ಲಿ ಎಲ್ಲರೂ ಈಗ ಹೊಸದಾಗಿ ಕಲಿಯುತ್ತಿರುವ ಕಾಲ. 1961ರ ಕಾಯ್ದೆಯ ಜಾಗಕ್ಕೆ 536 ಸೆಕ್ಷನ್‌ಗಳ 2025ರ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಗುತ್ತಿಗೆಗೆ 194ಸಿ, ವೃತ್ತಿ ಶುಲ್ಕಕ್ಕೆ 194ಜೆ, ಕಮಿಷನ್ನಿಗೆ 194ಎಚ್ ಎಂದು ಒಂದೇ ಸಂಖ್ಯೆಗೆ ಬಾಲದ ಅಕ್ಷರ ಬದಲಾಗುತ್ತಿದ್ದ ಟಿಡಿಎಸ್ ನಿಯಮಗಳು ಈಗ 393ನೇ ಸೆಕ್ಷನ್‌ನ ಕೋಷ್ಟಕಗಳಲ್ಲಿ ಸಾಲಾಗಿ ಕೂತಿವೆ. ಪ್ಯಾರಾಗಿಂತ ಕೋಷ್ಟಕ ಓದುವುದು ನಿಮಗೆ ಸುಲಭವಾದರೆ ಇದು ಒಳ್ಳೆಯ ಬದಲಾವಣೆ. ಹಿಂದಿನ ವರ್ಷಗಳ ಪ್ರಕರಣಗಳಿಗೆ ಹಳೆಯ ಸಂಖ್ಯೆಗಳೂ ಬೇಕಾಗುವುದರಿಂದ ಹಳತು-ಹೊಸತು ಎದುರುಬದುರು ಬರೆದ ಒಂದು ಹಾಳೆ ಮೇಜಿನ ಮೇಲಿರಲಿ.

ಬರಹಗಾರರನ್ನು ಪಡೆಯುವವರು ಅವರೊಂದಿಗೆ ಮೊದಲೇ ಅಭ್ಯಾಸ ಮಾಡಬೇಕು. ಬಾಯಲ್ಲಿ ಹೇಳಿ ಬರೆಸುವುದು ಬೇರೆಯದೇ ವಿದ್ಯೆ, ಲೆಕ್ಕದ ಕೋಷ್ಟಕವನ್ನು ಹೇಳಿ ಬರೆಸುವುದಂತೂ ಕಷ್ಟದ್ದು. ಅನೇಕರಿಗೆ ಬರಹಗಾರರಿಗಿಂತ ಹೆಚ್ಚುವರಿ ಸಮಯವೇ ಹೆಚ್ಚು ಉಪಕಾರಿ. ಮಾದರಿ ಪತ್ರಿಕೆಗಳನ್ನು ಎರಡೂ ರೀತಿಯಲ್ಲಿ ಬರೆದು ನೋಡಿ ತೀರ್ಮಾನಿಸಿ.

ಈ ಬರಹ ಯಾರಾದರೂ ಪ್ರಿನ್ಸಿಪಲ್ ಕಣ್ಣಿಗೆ ಬಿದ್ದರೆ ಅವರಿಗೂ ಒಂದೆರಡು ಮಾತು. ನಿಮ್ಮ ಕಚೇರಿಯಲ್ಲಿ ಡಿಸ್ಲೆಕ್ಸಿಯಾ ಇರುವ ಹುಡುಗಿಯೊಬ್ಬಳು ಆರ್ಟಿಕಲ್‌ಶಿಪ್‌ಗೆ ಇದ್ದರೆ, ಅವಳಿಗೆ ಕ್ಲೈಂಟಿನ ಮುಂದೆ ನೋಟಿಸನ್ನು ಜೋರಾಗಿ ಓದಲು ಹೇಳಬೇಡಿ. ಕೆಲಸ ಕೊಡುವಾಗ ಕಳೆದ ವರ್ಷದ ಮುಗಿದ ಫೈಲನ್ನು ಜೊತೆಗೆ ಕೊಡಿ. ತಪ್ಪು ಕಂಡರೆ ಯಾವ ಬಗೆಯ ತಪ್ಪು ಎಂದು ಹೇಳಿ. ‘ಕೇರ್‌ಲೆಸ್’ ಎಂಬ ಒಂದೇ ಪದದಲ್ಲಿ ಮುಗಿಸಿದರೆ ಅವಳು ಅದರಿಂದ ಕಲಿಯುವಂಥದ್ದೇನೂ ಇರುವುದಿಲ್ಲ. ಪರೀಕ್ಷಾ ಸೌಲಭ್ಯದ ಓಡಾಟಕ್ಕೆ, ವೈದ್ಯಕೀಯ ತಪಾಸಣೆಗೆ ಅವಳು ರಜೆ ಕೇಳಿದರೆ ಸುಗ್ಗಿಯ ಕಾಲವೆಂದು ಮುಂದೂಡಬೇಡಿ. ತಪಾಸಣೆ, ವೈದ್ಯಕೀಯ ಮಂಡಳಿಯ ಮುಂದೆ ಹಾಜರಿ, ಪತ್ರ ಕೈಸೇರುವುದು, ಅದನ್ನು ಐಸಿಎಐಗೆ ಸಲ್ಲಿಸುವುದು ಹೀಗೆ ಒಂದರ ಹಿಂದೊಂದು ಹಂತಗಳಿರುವುದರಿಂದ, ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೆ ಆರಂಭಿಸಿದರೆ ಆ ಸಲದ ಪರೀಕ್ಷೆಗೆ ಸೌಲಭ್ಯ ಕೈತಪ್ಪಬಹುದು. ಆರ್ಟಿಕಲ್‌ಶಿಪ್‌ನ ಮೊದಲ ವರ್ಷದಲ್ಲೇ ಆ ಕಾಗದ ಕೈಯಲ್ಲಿರುವಂತೆ ನೋಡಿಕೊಂಡರೆ ಕೊನೆಯ 6 ತಿಂಗಳನ್ನು ಪೂರ್ತಿ ಓದಿಗೇ ಕೊಡಬಹುದು.